ಅರ್ಧಾಂಗವಾತದ ತರುವಾಯದ ಕೈನೋವು ಮತ್ತು ಅಸ್ಥಿಚಿತ್ರಣ : ಒಂದು ಚಾರಿತ್ರಿಕ ಸಮೀಕ್ಷೆ

೧

ಲಕ್ವ ಹೊಡೆದ ಕೈಗೆ ಅರಿವಿಲ್ಲ, ಅರಿವಿಲ್ಲದ ಅಂಗಕ್ಕೆ ನೋವೆಲ್ಲಿಯದು ಎಂಬ ಭಾವನೆ ನಮ್ಮ ಗೃಹಗಳಲ್ಲಿ ಬಹುಕಾಲದಿಂದ ಬೇರೂರಿದೆ. ಮಲಗಿದವರನ್ನು ಎಬ್ಬಿಸುವಾಗ ಸ್ವಾಧೀನ ತಪ್ಪಿದ ತೋಳನ್ನೇ ಹಿಡಿದೆಳೆಯುವುದೂ, ಅವರು ಮುಖ ಕಿವಿಚಿದರೆ ಅದನ್ನು ಹಟವೆಂದೋ ವೃದ್ಧಾಪ್ಯದ ಅಸಹನೆಯೆಂದೋ ಎಣಿಸುವುದೂ ಈ ಭಾವನೆಯ ಫಲವೇ ಆಗಿದೆ. ಆದರೆ ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅರ್ಧಾಂಗವಾತಕ್ಕೆ ತುತ್ತಾದವರಲ್ಲಿ ಹಲವರಿಗೆ ಕೆಲವು ವಾರಗಳೊಳಗಾಗಿ, ಅಥವಾ ಕೆಲವು ತಿಂಗಳುಗಳಲ್ಲಿ, ಬಲಗುಂದಿದ ಕೈಯಲ್ಲಿಯೇ ಅಸಾಧ್ಯವಾದ ನೋವು ತಲೆದೋರುತ್ತದೆ. ಹಸ್ತ ಬಾತುಕೊಳ್ಳುತ್ತದೆ, ಚರ್ಮ ಕೆಂಪೇರಿ ಬಿಸಿಯಾಗುತ್ತದೆ, ಕೆಲವೊಮ್ಮೆ ನೀಲಿಗಟ್ಟಿ ತಣ್ಣಗಾಗುತ್ತದೆ, ಬೆರಳುಗಳ ಮೇಲೆ ಹೊದಿಕೆಯ ಅಂಚು ಸೋಕಿದರೂ ಸಹಿಸಲಾಗುವುದಿಲ್ಲ. ಇದಕ್ಕಿಂತಲೂ ಕಷ್ಟವಾದ ಸಂಗತಿಯೆಂದರೆ, ಮಿದುಳಿನ ಅದೇ ಆಘಾತವು ಎಷ್ಟೋ ಸಲ ರೋಗಿಯ ಮಾತನ್ನೂ ಕಸಿದುಕೊಂಡಿರುತ್ತದೆ. ನೋವುಂಟು, ಹೇಳುವ ನಾಲಗೆಯಿಲ್ಲ.

ಈ ಎರಡು ಸಂಕಟಗಳನ್ನು ಒಟ್ಟಿಗೆ ಕಂಡವರು ನಮ್ಮ ಪ್ರಾಚೀನರು ಎಂಬುದು ಗಮನಾರ್ಹ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೮ನೆಯ ಅಧ್ಯಾಯವಾದ ವಾತವ್ಯಾಧಿ ಪ್ರಕರಣದಲ್ಲಿ ಪಕ್ಷಾಘಾತವನ್ನು ವರ್ಣಿಸುವಾಗ, ದೇಹದ ಬಲಭಾಗವೋ ಎಡಭಾಗವೋ ಚೇಷ್ಟೆಯನ್ನು ಕಳೆದುಕೊಳ್ಳುವುದರೊಡನೆ ರುಜೆಯನ್ನೂ ವಾಕ್‌ಸ್ತಂಭವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಚಲನೆಯ ನಾಶ, ನೋವು, ಮಾತಿನ ತಡೆ ಎಂಬ ಈ ಮೂರರಲ್ಲಿ ಮೊದಲನೆಯದೂ ಕಡೆಯದೂ ಎಲ್ಲರ ಕಣ್ಣಿಗೆ ಬೀಳುವಂಥವು. ನಡುವಣದು ಮಾತ್ರ ಕಾಣದ ವಸ್ತು. ಕಾಣದ ಆ ನೋವಿಗೆ ಕಾಣುವ ಕುರುಹನ್ನು ಹುಡುಕಿದ ಪ್ರಯತ್ನದ ಕಥೆಯನ್ನು ಸಂಗ್ರಹವಾಗಿ ನಿರೂಪಿಸುವುದೂ, ಆ ಕುರುಹಿನ ಬೆಲೆಯೆಷ್ಟೆಂಬುದನ್ನು ತೂಗಿ ನೋಡುವುದೂ ಪ್ರಸ್ತುತ ಲೇಖನದ ಉದ್ದೇಶ.

೨

ಕಥೆಯ ಆರಂಭ ಲಕ್ವದಲ್ಲಿ ಅಲ್ಲ, ರಣರಂಗದಲ್ಲಿ. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾ ನಗರದ ಟರ್ನರ್ಸ್ ಲೇನ್ ಆಸ್ಪತ್ರೆಗೆ ನರಗಳಿಗೆ ಗುಂಡೇಟು ತಗುಲಿದ ಸೈನಿಕರನ್ನು ತಂದು ಸೇರಿಸುತ್ತಿದ್ದರು. ಅಲ್ಲಿನ ವೈದ್ಯನಾಗಿದ್ದ ಸೈಲಾಸ್ ವಿಯರ್ ಮಿಚೆಲ್ ತನ್ನ ಸಹೋದ್ಯೋಗಿಗಳಾದ ಮೋರ್‌ಹೌಸ್ ಮತ್ತು ಕೀನ್ ಎಂಬವರೊಡನೆ ೧೮೬೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಗಾಯ ಮಾಗಿದ ಮೇಲೂ ಕೈಕಾಲುಗಳಲ್ಲಿ ಉರಿಯುವ ಬೆಂಕಿಯಂತಹ ನೋವು, ಹೊಳಪೇರಿದ ಚರ್ಮ, ಪಕ್ಕದಲ್ಲಿ ಯಾರಾದರೂ ನಡೆದುಹೋದರೂ ಕಾಗದ ಸರಸರನೆಂದರೂ ಹೆಚ್ಚುವ ಯಾತನೆ ಇವುಗಳನ್ನು ಅವನು ಯಥಾವತ್ತಾಗಿ ದಾಖಲೆ ಮಾಡಿದನು. ಆ ಸೈನಿಕರು ಕೈಗೆ ಸದಾ ಒದ್ದೆಬಟ್ಟೆ ಸುತ್ತಿಕೊಂಡು, ನೀರಿನ ಪಾತ್ರೆಯನ್ನು ಅಗಲದೆ ತಿರುಗುತ್ತಿದ್ದರಂತೆ. ಉರಿ ಮತ್ತು ನೋವು ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿದ ‘ಕಾಸಾಲ್ಜಿಯಾ’ ಎಂಬ ಹೆಸರು ಈ ವ್ಯಾಧಿಗೆ ಮಿಚೆಲ್‌ನ ಬರಹಗಳ ಮೂಲಕವೇ ರೂಢಿಗೆ ಬಂದಿತು. ಈ ನೋವು ಕಪಟವಲ್ಲ, ಹೇಡಿತನವಲ್ಲ, ನಿಜವಾದ ರೋಗವೆಂದು ವೈದ್ಯಲೋಕ ಒಪ್ಪಿಕೊಳ್ಳುವುದಕ್ಕೆ ಅವನ ಗ್ರಂಥವೇ ತಳಹದಿ.

ಆದರೆ ಮಿಚೆಲ್ಲನ ಬಳಿ ಇದ್ದುದು ಕಣ್ಣು, ಕಿವಿ, ಲೇಖನಿಗಳು ಮಾತ್ರ. ದೇಹದೊಳಗನ್ನು ನೋಡುವ ಬಾಗಿಲು ೧೮೯೫ರ ನವೆಂಬರ್ ೮ರಂದು ರಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗ ತೆರೆಯಿತು. ಅದಾದ ಐದೇ ವರ್ಷಗಳಲ್ಲಿ, ಎಂದರೆ ೧೯೦೦ರಲ್ಲಿ, ಜರ್ಮನಿಯ ಹ್ಯಾಂಬರ್ಗಿನ ಶಸ್ತ್ರವೈದ್ಯ ಪಾಲ್ ಸೂಡೆಕ್ ಎಂಬಾತನು ಪೆಟ್ಟಾದ ಮೇಲೆ ಬಾತು ನೋಯುವ ಕೈಕಾಲುಗಳ ಎಲುಬುಗಳು ಕ್ಷ-ಕಿರಣಚಿತ್ರದಲ್ಲಿ ತೇಪೆತೇಪೆಯಾಗಿ ಮಸುಕಾಗಿ ಕಾಣುವುದನ್ನು ವಿವರಿಸಿದನು. ಬಹುಕಾಲ ಈ ರೋಗ ‘ಸೂಡೆಕ್‌ನ ಕ್ಷಯ’ವೆಂದೇ ಯೂರೋಪಿನಲ್ಲಿ ಪ್ರಸಿದ್ಧವಾಗಿದ್ದಿತು. ನೋವಿನ ಅಂಗದಲ್ಲಿ ಎಲುಬೂ ಭಾಗಿಯಾಗಿದೆಯೆಂಬುದು ಇಲ್ಲಿ ಮೊದಲ ಬಾರಿಗೆ ಕಣ್ಣಿಗೆ ಕಂಡ ಸತ್ಯವಾಯಿತು. ಆದರೂ ಕ್ಷ-ಕಿರಣಕ್ಕೆ ಒಂದು ದೊಡ್ಡ ಮಿತಿಯುಂಟು. ಎಲುಬಿನ ಸುಣ್ಣದ ಅಂಶದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲಿನಷ್ಟಾದರೂ ಕರಗಿಹೋದ ಮೇಲಲ್ಲದೆ ಅದರ ಚಿತ್ರದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ತೋರುವುದಿಲ್ಲ. ಮನೆ ಸುಟ್ಟ ಬಳಿಕ ಬೂದಿಯನ್ನು ತೋರಿಸುವ ಸಾಕ್ಷಿ ಅದು. ಬೆಂಕಿ ಹತ್ತಿದ ಗಳಿಗೆಯಲ್ಲಿ ಕೂಗಿ ಹೇಳುವ ಸಾಕ್ಷಿಯಲ್ಲ.

೩

ಇಷ್ಟರಲ್ಲಿ ಚಿಂತನೆಯ ಇನ್ನೊಂದು ಧಾರೆ ಹರಿಯತೊಡಗಿತ್ತು. ೧೯೧೬ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಷ್ ಇಂತಹ ನೋವಿನ ಮೂಲ ರಕ್ತನಾಳಗಳನ್ನು ಆಳುವ ಅನುವೇದನಾ ನರಮಂಡಲದಲ್ಲಿದೆಯೆಂದು ಪ್ರತಿಪಾದಿಸಿ, ಆ ನರಗಳನ್ನು ಕತ್ತರಿಸುವ ಚಿಕಿತ್ಸೆಯನ್ನು ಮುಂದಿಟ್ಟನು. ಇದೇ ದೃಷ್ಟಿಯಿಂದ ೧೯೪೬ರಲ್ಲಿ ಜೇಮ್ಸ್ ಎವನ್ಸ್ ಎಂಬ ಅಮೆರಿಕನ್ ವೈದ್ಯ ಈ ರೋಗಸಮೂಹಕ್ಕೆ ‘ರಿಫ್ಲೆಕ್ಸ್ ಸಿಂಪಥೆಟಿಕ್ ಡಿಸ್ಟ್ರೋಫಿ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಮರುವರ್ಷ, ೧೯೪೭ರಲ್ಲಿ, ಆಟೊ ಸ್ಟೈನ್‌ಬ್ರೋಕರ್ ಭುಜವೂ ಹಸ್ತವೂ ಏಕಕಾಲದಲ್ಲಿ ನೋಯುವ, ಬಾಯುವ, ಕ್ರಮೇಣ ಸೆಡೆತು ಸೊರಗುವ ಸ್ಥಿತಿಯನ್ನು ‘ಭುಜ-ಹಸ್ತ ಲಕ್ಷಣಸಮುಚ್ಚಯ’ವೆಂದು ಬೇರ್ಪಡಿಸಿ ವಿವರಿಸಿದನು. ಗುಂಡೇಟು, ಮುರಿತಗಳು ಇಲ್ಲದೆಯೂ, ಹೃದಯಾಘಾತದ ತರುವಾಯ ಅಥವಾ ಅರ್ಧಾಂಗವಾತದ ತರುವಾಯವೂ ಈ ಸ್ಥಿತಿ ಬರಬಹುದೆಂಬುದು ಆ ಕಾಲದ ವೈದ್ಯರ ಅನುಭವಕ್ಕೆ ನಿಲುಕಿತು. ಮಿಚೆಲ್ಲನ ಸೈನಿಕನೂ ಮನೆಯ ಮೂಲೆಯ ಹಾಸಿಗೆಯಲ್ಲಿ ಮಲಗಿದ ವೃದ್ಧೆಯೂ ಒಂದೇ ವ್ಯಾಧಿಕುಟುಂಬಕ್ಕೆ ಸೇರಿದವರೆಂದು ಹೀಗೆ ತಿಳಿದುಬಂದಿತು.

ಲಕ್ವದ ಅನಂತರದ ನೋವೆಲ್ಲ ಇದೊಂದೇ ಬಗೆಯದೆಂದು ಭಾವಿಸಲಾಗದು ಎಂಬುದನ್ನೂ ಇಲ್ಲಿ ಹೇಳಬೇಕು. ೧೯೦೬ರಷ್ಟು ಹಿಂದೆಯೇ ಪ್ಯಾರಿಸ್ಸಿನ ದೆಜೆರಿನ್ ಮತ್ತು ರೂಸ್ಸಿ ಎಂಬ ಪಂಡಿತರು ಮಿದುಳಿನ ಥಲಾಮಸ್ ಎಂಬ ಭಾಗವೇ ಕೆಟ್ಟಾಗ ಅರ್ಧದೇಹದಲ್ಲಿ ಹುಟ್ಟುವ ದಾರುಣವಾದ ನೋವನ್ನು ನಿರೂಪಿಸಿದ್ದರು. ಅದರ ಮೂಲ ಮಿದುಳಿನಲ್ಲಿ, ಕೈಯಲ್ಲಿ ಅಲ್ಲ. ಇದಲ್ಲದೆ ಸ್ನಾಯುಗಳ ಆಸರೆ ತಪ್ಪಿ ಭುಜದ ಕೀಲು ಜಾರುವುದರಿಂದ, ಕೀಲು ಹೆಪ್ಪುಗಟ್ಟುವುದರಿಂದ, ಸ್ನಾಯುಗಳ ಸೆಡೆತದಿಂದ, ಬಿದ್ದಾಗ ಉಂಟಾದ ಗುಪ್ತವಾದ ಮುರಿತದಿಂದ, ರಕ್ತನಾಳದಲ್ಲಿ ಹೆಪ್ಪುಗಟ್ಟುವುದರಿಂದಲೂ ನೋವು ಬರಬಹುದು. ಔಷಧೋಪಚಾರ ಒಂದೊಂದಕ್ಕೂ ಬೇರೆ. ಆದುದರಿಂದಲೇ ನೋವಿದೆಯೇ ಎಂಬ ಪ್ರಶ್ನೆಯ ಹಿಂದೆಯೇ ಯಾವ ನೋವು ಎಂಬ ಪ್ರಶ್ನೆ ಎದ್ದುನಿಂತಿತು. ಇದಕ್ಕೆ ಉತ್ತರ ಕೊಡಬಲ್ಲ ಸಾಧನ ವೈದ್ಯಶಾಲೆಯಲ್ಲಿ ಹುಟ್ಟಲಿಲ್ಲ; ಪರಮಾಣು ವಿಜ್ಞಾನದ ಪ್ರಯೋಗಾಲಯದಲ್ಲಿ ಹುಟ್ಟಿತು.

೪

ಎಲುಬೆಂದರೆ ಕಲ್ಲಿನಂತೆ ಜಡವಾದ ಕಂಬವೆಂಬ ಹಳೆಯ ಕಲ್ಪನೆಯನ್ನು ಒಡೆದವನು ಹಂಗೇರಿಯ ಜಾರ್ಜ್ ಹೆವೆಶಿ. ೧೯೩೫ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವನೂ ಷೀವಿಟ್ಸ್ ಎಂಬ ವೈದ್ಯನೂ ಇಲಿಗಳಿಗೆ ವಿಕಿರಣಪಟುವಾದ ರಂಜಕವನ್ನು ಉಣಿಸಿ, ಅದು ದೇಹದಲ್ಲಿ ಎಲ್ಲೆಲ್ಲಿ ಹೋಗಿ ಸೇರುವುದೆಂಬುದನ್ನು ಅಳೆದರು. ಎಲುಬಿನ ರಂಜಕ ನಿಂತ ನೀರಲ್ಲ, ಹಳೆಯದು ಹೊರಡುತ್ತ ಹೊಸದು ಬಂದು ಸೇರುತ್ತ ಸದಾ ಹರಿಯುವ ನದಿ ಎಂಬುದು ಆ ಪ್ರಯೋಗದಿಂದ ಸಿದ್ಧವಾಯಿತು. ಸಮಸ್ಥಾನಿಗಳನ್ನು ಜಾಡುಗಾರರಂತೆ ಬಳಸುವ ಈ ವಿಧಾನಕ್ಕಾಗಿ ಹೆವೆಶಿಗೆ ೧೯೪೩ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಹೆವೆಶಿಯ ಪ್ರಯೋಗ ನಡೆದ ಎರಡು ವರ್ಷಗಳಿಗೆ, ೧೯೩೭ರಲ್ಲಿ, ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಎಮಿಲಿಯೊ ಸೆಗ್ರೆ ಮತ್ತು ಕಾರ್ಲೊ ಪೆರಿಯೆ ಎಂಬವರು, ಕ್ಯಾಲಿಫೋರ್ನಿಯದ ಬರ್ಕ್ಲಿಯ ಸೈಕ್ಲೋಟ್ರಾನಿನಲ್ಲಿ ಹೊಡೆತಕ್ಕೆ ಸಿಕ್ಕ ಮಾಲಿಬ್ಡಿನಂ ತಗಡನ್ನು ಪರೀಕ್ಷಿಸಿ, ೪೩ನೆಯ ಧಾತುವನ್ನು ಪತ್ತೆ ಮಾಡಿದರು. ಮಾನವನು ಕೃತಕವಾಗಿ ಪಡೆದ ಮೊದಲನೆಯ ಧಾತು ಇದಾದುದರಿಂದ, ಕೃತಕವೆಂಬರ್ಥದ ಗ್ರೀಕ್ ಪದದಿಂದ ಇದಕ್ಕೆ ಟೆಕ್ನೀಷಿಯಂ ಎಂದು ೧೯೪೭ರಲ್ಲಿ ನಾಮಕರಣವಾಯಿತು. ೧೯೩೮ರಲ್ಲಿ ಸೆಗ್ರೆ ಮತ್ತು ಸೀಬೋರ್ಗ್ ಈ ಧಾತುವಿನ ಟೆಕ್ನೀಷಿಯಂ-೯೯ಎಂ ಎಂಬ ರೂಪವನ್ನು ಕಂಡುಕೊಂಡಿದ್ದರು. ಅದರ ಅರ್ಧಾಯು ಕೇವಲ ೬ ಗಂಟೆಗಳು. ಅದು ಸೂಸುವುದು ೧೪೦ ಸಾವಿರ ಎಲೆಕ್ಟ್ರಾನ್-ವೋಲ್ಟುಗಳ ಗ್ಯಾಮಾ ಕಿರಣ. ದೇಹದಿಂದ ಹೊರಬಂದು ಉಪಕರಣವನ್ನು ಮುಟ್ಟುವಷ್ಟು ಪ್ರಬಲ, ಆದರೆ ಚಿತ್ರಿಸಲು ಅನುಕೂಲವಾಗುವಷ್ಟು ಸೌಮ್ಯ.

ಆರು ಗಂಟೆಯಲ್ಲಿ ಅರ್ಧ ಕರಗುವ ಪದಾರ್ಥವನ್ನು ದೂರದ ಆಸ್ಪತ್ರೆಗೆ ಸಾಗಿಸುವ ಬಗೆ ಹೇಗೆ? ಈ ತೊಡಕನ್ನು ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ವಿಜ್ಞಾನಿಗಳು ಬಿಡಿಸಿದರು. ೬೬ ಗಂಟೆಗಳ ಅರ್ಧಾಯುವುಳ್ಳ ಮಾಲಿಬ್ಡಿನಂ-೯೯ನ್ನು ಒಂದು ಗಾಜಿನ ಕೊಳವೆಯಲ್ಲಿ ಹಿಡಿದಿಟ್ಟರೆ, ಅದು ಕ್ಷಯಿಸುತ್ತ ಟೆಕ್ನೀಷಿಯಮ್ಮನ್ನು ಹೆರುತ್ತಲೇ ಇರುತ್ತದೆ. ಬೇಕಾದಾಗ ಉಪ್ಪುನೀರನ್ನು ಹಾಯಿಸಿ ಅದನ್ನು ತೊಳೆದುಕೊಳ್ಳಬಹುದು. ಈ ಯಂತ್ರವನ್ನು ಪ್ರಯೋಗಾಲಯದವರು ವಿನೋದದಿಂದ ಹಸುವೆಂದು ಕರೆದರು. ದಿನಾ ಬೆಳಗ್ಗೆ ಹಾಲು ಕರೆಯುವಂತೆ ಅದರಿಂದ ಟೆಕ್ನೀಷಿಯಂ ಕರೆದುಕೊಳ್ಳುವುದು, ವಾರದ ಬಳಿಕ ಹಸು ಬತ್ತಿದರೆ ಹೊಸದನ್ನು ತರಿಸುವುದು. ಇದೇ ಇಂದಿಗೂ ನಡೆದುಬಂದ ಕ್ರಮ. ಅದೇ ದಶಕದಲ್ಲಿ ಹ್ಯಾಲ್ ಆಂಗರ್ ಎಂಬ ಬರ್ಕ್ಲಿಯ ಯಂತ್ರಜ್ಞ ಗ್ಯಾಮಾ ಕಿರಣಗಳನ್ನು ಚಿತ್ರವಾಗಿ ಗ್ರಹಿಸುವ ಕ್ಯಾಮರಾವನ್ನು ನಿರ್ಮಿಸಿದ್ದನು.

ಟೆಕ್ನೀಷಿಯಂ ತಾನಾಗಿ ಎಲುಬಿಗೆ ಹೋಗುವುದಿಲ್ಲ. ಅದಕ್ಕೊಂದು ವಾಹನ ಬೇಕು. ಆ ವಾಹನವನ್ನು ಒದಗಿಸಿದ ಕೀರ್ತಿಯಲ್ಲಿ ಭಾರತೀಯನೊಬ್ಬನ ಪಾಲಿದೆ. ಅಮೆರಿಕದ ಸಿರಾಕ್ಯೂಸ್ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದ ಭಾರತೀಯ ಮೂಲದ ಗೋಪಾಲ ಸುಬ್ರಮಣಿಯನ್ ಮತ್ತು ಜಾನ್ ಮೆಕಾಫಿ ಎಂಬವರು ೧೯೭೧ರಲ್ಲಿ ಟೆಕ್ನೀಷಿಯಮ್ಮನ್ನು ಫಾಸ್ಫೇಟ್ ಸಂಯುಕ್ತವೊಂದರೊಡನೆ ಬೆಸೆದು, ಅಸ್ಥಿಪಂಜರದ ಚಿತ್ರಣಕ್ಕೆ ಯೋಗ್ಯವಾದ ವಸ್ತುವನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಇದಕ್ಕಿಂತ ಸ್ಥಿರವಾದ ಡೈಫಾಸ್ಫೊನೇಟ್ ಸಂಯುಕ್ತಗಳು ಬಳಕೆಗೆ ಬಂದವು. ಹೊಸ ಎಲುಬು ಎಲ್ಲಿ ತ್ವರಿತವಾಗಿ ರಚನೆಯಾಗುತ್ತಿದೆಯೋ, ರಕ್ತ ಎಲ್ಲಿ ಹೆಚ್ಚಾಗಿ ಹರಿಯುತ್ತಿದೆಯೋ ಅಲ್ಲಿ ಈ ವಸ್ತು ಹೆಚ್ಚಾಗಿ ನೆಲಸುತ್ತದೆ. ಕ್ಷ-ಕಿರಣವು ಎಲುಬಿನ ಆಕಾರವನ್ನು ತೋರಿದರೆ, ಅಸ್ಥಿಚಿತ್ರಣವು ಎಲುಬಿನ ವ್ಯವಹಾರವನ್ನು ತೋರುತ್ತದೆ. ಈ ಅಂತರವೇ ಮುಂದಿನ ಪ್ರಗತಿಗೆಲ್ಲ ಮೂಲ.

೫

ಈ ಸಾಧನವನ್ನು ನೋಯುವ ಕೈಯ ಕಡೆಗೆ ತಿರುಗಿಸಿದವರಲ್ಲಿ ಫ್ರಾಂಕ್ಲಿನ್ ಕೋಜಿನ್ ಮತ್ತು ಅವನ ಸಂಗಡಿಗರು ಮುಖ್ಯರು. ೧೯೭೬ರಲ್ಲಿ ಪ್ರಕಟವಾದ ಅವರ ಅಧ್ಯಯನಗಳಲ್ಲಿ, ರೋಗಪೀಡಿತ ಕೈಯ ಕೀಲುಗಳ ಸುತ್ತಲಿನ ಎಲುಬು ವಿಕಿರಣವಸ್ತುವನ್ನು ಅಧಿಕವಾಗಿ ಹೀರಿಕೊಳ್ಳುವುದು ಕಂಡುಬಂದಿತು. ತರುವಾಯ ೧೯೮೪ರಲ್ಲಿ ಲಾರೆನ್ಸ್ ಹೋಲ್ಡರ್ ಮತ್ತು ಸುಸಾನ್ ಮ್ಯಾಕಿನನ್ ಹಸ್ತದಲ್ಲಿ ಈ ರೋಗವನ್ನು ಗುರುತಿಸಲು ತ್ರಿಘಟ್ಟ ಚಿತ್ರಣದ ನಿಯಮಗಳನ್ನು ನಿರೂಪಿಸಿದರು. ಈ ವಿಧಾನದಲ್ಲಿ, ರೋಗವಿಲ್ಲದ ಕಡೆಯ ರಕ್ತನಾಳಕ್ಕೆ ಚುಚ್ಚುಮದ್ದು ಕೊಟ್ಟ ಮೊದಲ ನಿಮಿಷದಲ್ಲಿ ರಕ್ತದ ಹರಿವನ್ನೂ, ಅನಂತರದ ಕೆಲವು ನಿಮಿಷಗಳಲ್ಲಿ ಅಂಗಾಂಶದಲ್ಲಿ ತಂಗಿದ ರಕ್ತವನ್ನೂ, ಎರಡರಿಂದ ನಾಲ್ಕು ಗಂಟೆಗಳ ಬಳಿಕ ಎಲುಬಿನಲ್ಲಿ ನೆಲಸಿದ ಅಂಶವನ್ನೂ ಕ್ರಮವಾಗಿ ಚಿತ್ರಿಸುತ್ತಾರೆ. ಎರಡು ಹಸ್ತಗಳನ್ನೂ ಒಟ್ಟಿಗಿಟ್ಟು ಹೋಲಿಸುವುದು ಇದರ ಜೀವಾಳ. ಕೊನೆಯ ಘಟ್ಟದಲ್ಲಿ ಮಣಿಕಟ್ಟಿನಿಂದ ಬೆರಳತುದಿಯವರೆಗೆ ಒಂದೆರಡು ಕೀಲಲ್ಲ, ಎಲ್ಲ ಕೀಲುಗಳ ಸುತ್ತಲೂ ಕಪ್ಪು ಚುಕ್ಕೆಗಳು ದಟ್ಟವಾಗಿ ಮೂಡಿದರೆ ಅದು ಈ ವ್ಯಾಧಿಯ ಗುರುತು.

ಲಕ್ವದ ರೋಗಿಗಳ ವಿಷಯದಲ್ಲಿ ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದವರು ಕೆನಡಾದ ಪೆರಿ ಟೆಪ್ಪರ್‌ಮನ್, ಡೇವಿಡ್ ಗ್ರೇಸನ್ ಮತ್ತು ಅವರ ಸಹಕಾರಿಗಳು. ಅವರ ವರದಿಗಳೂ ೧೯೮೪ರಲ್ಲಿಯೇ ಬೆಳಕು ಕಂಡವು. ೮೫ ಮಂದಿ ಅರ್ಧಾಂಗವಾತ ರೋಗಿಗಳನ್ನು ತ್ರಿಘಟ್ಟ ಚಿತ್ರಣಕ್ಕೆ ಒಳಪಡಿಸಿದಾಗ ಅವರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿನವರಲ್ಲಿ ರೋಗದ ಗುರುತುಗಳು ದೊರೆತವು. ನಾಲ್ವರಲ್ಲಿ ಒಬ್ಬರು! ಅದುವರೆಗೆ ಅಪರೂಪವೆಂದು ಬಗೆದಿದ್ದ ವ್ಯಾಧಿ ಪ್ರತಿಯೊಂದು ವಾರ್ಡಿನಲ್ಲಿಯೂ ಮೌನವಾಗಿ ಮಲಗಿತ್ತೆಂಬುದನ್ನು ಈ ಲೆಕ್ಕ ಪ್ರಕಾಶಪಡಿಸಿತು. ಉಪಯೋಗವಿಲ್ಲದೆ ಬಿದ್ದಿರುವ ಕೈಯಲ್ಲಿ ರಕ್ತದ ಹರಿವು ತಾನಾಗಿಯೇ ಕುಗ್ಗುವುದರಿಂದ ಮೊದಲೆರಡು ಘಟ್ಟಗಳ ಚಿತ್ರಗಳನ್ನು ಎಚ್ಚರಿಕೆಯಿಂದ ಓದಬೇಕೆಂಬುದೂ, ಮೂರನೆಯ ಘಟ್ಟವೇ ಹೆಚ್ಚು ವಿಶ್ವಾಸಾರ್ಹವೆಂಬುದೂ ಈ ಅಧ್ಯಯನಗಳಿಂದ ಹೊರಪಟ್ಟ ವಿಚಾರ.

ಆದರೆ ಆ ವರದಿಯ ಅತ್ಯಂತ ಬೆಲೆಬಾಳುವ ಮಾತು ಯಂತ್ರವನ್ನು ಕುರಿತದ್ದಲ್ಲ. ಚಿತ್ರಣದೊಡನೆ ಹೋಲಿಸಿ ನೋಡಲಾಗಿ, ಹಾಸಿಗೆಯ ಬಳಿ ಮಾಡಬಹುದಾದ ಪರೀಕ್ಷೆಗಳಲ್ಲೆಲ್ಲ ಶ್ರೇಷ್ಠವಾಗಿ ನಿಂತದ್ದು ಬೆರಳುಗಳ ಬುಡದ ಗೆಣ್ಣುಗಳನ್ನು ಮೆಲ್ಲಗೆ ಒತ್ತಿದಾಗ ತೋರುವ ನೋವು. ಕೋಟಿಗಟ್ಟಲೆ ವೆಚ್ಚದ ಯಂತ್ರ ಎತ್ತಿಹಿಡಿದದ್ದು ವೈದ್ಯನ ಹೆಬ್ಬೆರಳಿನ ಬೆಲೆಯನ್ನು.

೬

ಈ ಚರಿತ್ರೆಯಲ್ಲಿ ಮುಂಬಯಿಗೂ ಒಂದು ಸ್ಥಾನವಿದೆ. ೧೯೫೬ರ ಆಗಸ್ಟ್ ೪ರಂದು ಟ್ರಾಂಬೆಯಲ್ಲಿ ಚಾಲನೆಗೊಂಡ ‘ಅಪ್ಸರಾ’ ಭಾರತದ ಮೊದಲನೆಯ ಪರಮಾಣು ರಿಯಾಕ್ಟರು. ಅದರ ಹಿಂದೆ ದುಡಿದ ಭೌತವಿಜ್ಞಾನಿಗಳಲ್ಲಿ ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರೂ ಒಬ್ಬರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ೧೯೬೦ರಲ್ಲಿ ‘ಸೈರಸ್’ ರಿಯಾಕ್ಟರು ಸಹ ಚಾಲನೆಗೆ ಬಂದಿತು. ಸಮಸ್ಥಾನಿಗಳನ್ನು ರೋಗಿಗಳ ಉಪಯೋಗಕ್ಕೆ ತರುವ ಸಲುವಾಗಿ ೧೯೬೩ರಲ್ಲಿ ಪರಳದಲ್ಲಿ ವಿಕಿರಣ ವೈದ್ಯ ಕೇಂದ್ರ ಸ್ಥಾಪಿತವಾಯಿತು. ಗಿರಣಿಗಳ ಸೀಟಿ ಕೇಳುತ್ತಿದ್ದ ಆ ಬಡಾವಣೆಯಲ್ಲಿ ಬೈಜಿಕ ವೈದ್ಯಶಾಸ್ತ್ರದಲ್ಲಿ ತರಬೇತು ಪಡೆದವರು ದೇಶದ ನಾನಾ ಭಾಗಗಳಿಗೆ ಆ ವಿದ್ಯೆಯನ್ನು ಕೊಂಡೊಯ್ದರು. ಯುದ್ಧದ ಭಯಂಕರ ನೆನಪಿನೊಡನೆ ಲೋಕಕ್ಕೆ ಪರಿಚಯವಾದ ಪರಮಾಣು ಮೂಕರೋಗಿಯ ಕೈನೋವನ್ನು ಹೇಳುವ ದೂತನೂ ಆಗಬಲ್ಲುದೆಂಬುದಕ್ಕೆ ಪರಳದ ಆ ಕಟ್ಟಡ ಸಾಕ್ಷಿಯಾಗಿದೆ.

೭

ಇನ್ನು ಈ ಸಾಕ್ಷಿಯ ಮಿತಿಗಳನ್ನು ವಿಚಾರಿಸಬೇಕು. ಮೊದಲನೆಯದಾಗಿ, ಅಸ್ಥಿಚಿತ್ರಣದ ನುಡಿ ರೋಗದ ಮೊದಲ ತಿಂಗಳುಗಳಲ್ಲಿ ಸ್ಪಷ್ಟ; ಅರ್ಧ ವರ್ಷ ಕಳೆದಂತೆ ಅದು ಮಂಕಾಗುತ್ತ ಹೋಗುತ್ತದೆ. ನೋವು ಉಳಿದಿರುವಾಗಲೇ ಚಿತ್ರ ಸಹಜಸ್ಥಿತಿಗೆ ಮರಳಬಹುದು. ಎರಡನೆಯದಾಗಿ, ಮುರಿತ, ಸೋಂಕು, ಸಂಧಿವಾತಗಳಲ್ಲಿಯೂ ಎಲುಬು ವಿಕಿರಣವಸ್ತುವನ್ನು ಹೀರಿಕೊಳ್ಳುತ್ತದೆ. ಗುಪ್ತವಾದ ಮುರಿತವನ್ನೂ, ಕೀಲಿನ ಬಳಿ ಸಲ್ಲದ ಎಡೆಯಲ್ಲಿ ಬೆಳೆದ ಎಲುಬನ್ನೂ ಪತ್ತೆಹಚ್ಚಲು ಇದು ಸಹಾಯಕವೇ. ಆದರೆ ಕಪ್ಪು ಚುಕ್ಕೆಗಳೆಲ್ಲ ಒಂದೇ ಅರ್ಥವನ್ನು ಕೊಡುವುದಿಲ್ಲ. ಮೂರನೆಯದಾಗಿ, ಮಿದುಳಿನಲ್ಲಿಯೇ ಹುಟ್ಟುವ ಥಲಾಮಸ್ಸಿನ ನೋವು ಎಲುಬಿನಲ್ಲಿ ಹೆಜ್ಜೆ ಮೂಡಿಸಬೇಕಾದುದಿಲ್ಲ. ಚಿತ್ರ ನಿರ್ಮಲವಾಗಿದೆಯೆಂದು ನೋವು ಸುಳ್ಳೆನ್ನುವುದು ಮಹಾಪರಾಧ.

ವೈದ್ಯಲೋಕದ ಅಭಿಪ್ರಾಯವೂ ಇದೇ ದಾರಿಯಲ್ಲಿ ಬೆಳೆದಿದೆ. ಅನುವೇದನಾ ನರಗಳೇ ಎಲ್ಲಕ್ಕೂ ಕಾರಣವೆಂಬ ಲೆರಿಷ್‌ನ ವಾದ ಸಡಿಲವಾದುದರಿಂದ, ನೋವಿನ ಅಧ್ಯಯನಕ್ಕೆ ಮೀಸಲಾದ ಅಂತರರಾಷ್ಟ್ರೀಯ ಸಂಘವು ೧೯೯೪ರಲ್ಲಿ ಹಳೆಯ ಹೆಸರುಗಳನ್ನು ಕೈಬಿಟ್ಟು ‘ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್’ ಎಂಬ ಹೆಸರನ್ನು ಅಂಗೀಕರಿಸಿತು. ೨೦೦೩ರಲ್ಲಿ ಬುಡಾಪೆಸ್ಟಿನಲ್ಲಿ ಸೇರಿದ ತಜ್ಞರು ರೂಪಿಸಿದ ಲಕ್ಷಣಾವಳಿಯಲ್ಲಿ ರೋಗಿಯ ಮಾತಿಗೂ ವೈದ್ಯನ ಪರೀಕ್ಷೆಗೂ ಸ್ಥಾನವಿದೆ. ಅಸ್ಥಿಚಿತ್ರಣ ಅನಿವಾರ್ಯವಾದ ನಿಬಂಧನೆಯಲ್ಲ. ಚಿತ್ರಣ ಇಂದು ನ್ಯಾಯಾಧೀಶನ ಪೀಠದಿಂದಿಳಿದು ಸಾಕ್ಷಿಯ ಕಟ್ಟೆಯಲ್ಲಿ ನಿಂತಿದೆ. ಅದಕ್ಕೆ ಉಚಿತವಾದ ಎಡೆಯೂ ಅದೇ. ಮಾತು ಬಾರದವನ ಪಕ್ಷದಲ್ಲಿ, ಸಂದೇಹ ಬಲವಾದಲ್ಲಿ, ಆ ಸಾಕ್ಷಿಯ ಬೆಲೆ ಇಂದಿಗೂ ಕಡಿಮೆಯಾಗಿಲ್ಲ.

ರೋಗವನ್ನು ಕಾಣುವುದಕ್ಕಿಂತ ಅದನ್ನು ತಡೆಯುವುದು ಮೇಲೆಂಬುದಕ್ಕೂ ಈ ಚರಿತ್ರೆಯಲ್ಲಿ ಆಧಾರವುಂಟು. ೧೯೯೪ರಲ್ಲಿ ಡೀಟರ್ ಬ್ರೌಸ್ ಮತ್ತು ಅವನ ಸಹೋದ್ಯೋಗಿಗಳು ಜರ್ಮನಿಯಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಬಲಗುಂದಿದ ಭುಜಕ್ಕೆ ಪೆಟ್ಟಾಗದಂತೆ ಮೊದಲ ದಿನದಿಂದಲೇ ಎಚ್ಚರ ವಹಿಸಿದಾಗ ಭುಜ-ಹಸ್ತ ವ್ಯಾಧಿ ಶೇಕಡಾ ೨೭ರಿಂದ ಶೇಕಡಾ ೮ಕ್ಕೆ ಇಳಿಯಿತು. ಆ ಎಚ್ಚರಕ್ಕೆ ರಿಯಾಕ್ಟರೂ ಬೇಡ, ಕ್ಯಾಮರಾವೂ ಬೇಡ. ರೋಗಿಯನ್ನು ಎಬ್ಬಿಸುವಾಗ ತೋಳನ್ನು ಎಳೆಯದಿರುವುದು, ಕುಳಿತಾಗ ಕೈಗೆ ದಿಂಬಿನ ಆಸರೆ ಕೊಡುವುದು, ಮುಖ ಕಿವಿಚಿದರೆ ಕಾರಣವನ್ನು ಕೇಳುವುದು ಇಷ್ಟೇ ಸಾಕು.

ಫಿಲಡೆಲ್ಫಿಯಾದ ಸೈನಿಕನ ಒದ್ದೆಬಟ್ಟೆಯಿಂದ ಪರಳದ ಗ್ಯಾಮಾ ಕ್ಯಾಮರಾದವರೆಗೆ ನಡೆದ ಈ ದೀರ್ಘಪ್ರಯಾಣದ ಸಾರ ಒಂದೇ. ಸ್ವಾಧೀನ ತಪ್ಪಿದ ಕೈ ಸತ್ತ ಕೈಯಲ್ಲ; ಅದರ ಎಲುಬಿನಲ್ಲಿಯೂ ನದಿ ಹರಿಯುತ್ತಿದೆ, ಅದರ ಗೆಣ್ಣಿನಲ್ಲಿಯೂ ನೋವು ಮಾತಾಡುತ್ತಿದೆ. ಅದನ್ನು ಕೇಳುವ ಹೊಣೆ ವೈದ್ಯನದು ಎಷ್ಟೋ, ಮನೆಯವರದೂ ಅಷ್ಟೇ.